ಆರ್‌ವಿಯ ಬಿಳಿ ಪ್ಲಾಸ್ಟಿಕ್ ಎಲ್ಲಾ ಹಳದಿ ತಿರುಗಿದೆ, ಮತ್ತೆ ಬೆಳ್ಳಗಾಗುತ್ತಾ?

ಫೀನಿಕ್ಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಅರಿಜೋನಾದ ಫೀನಿಕ್ಸ್‌ನಲ್ಲಿದ್ದೇವೆ. ಈಚೆಗೆ ಒಂದು ಹಳೇ ಆರ್‌ವಿ, ಅಂದ್ರೆ ಒಳಗೇ ಉಳ್ಕೊಂಡು ಪ್ರವಾಸ ಮಾಡೋ ಗಾಡಿ ತಗೊಂಡ್ವಿ. ಕಾರಿನ ಹಿಂದೆ ಎಳ್ಕೊಂಡು ಹೋಗೋ ಟ್ರಾವೆಲ್ ಟ್ರೇಲರ್, 2004ರದ್ದು, 26 ಅಡಿ. ಫ್ರಿಜ್, ಒಲೆ, ಎಸಿ ಎಲ್ಲಾ ಓಡ್ತಿದೆ. ಹೊರಗಿನ ಗೋಡೆಯೂ ಬೆಳ್ಳಗೇ ಇದೆ. ಆದ್ರೆ ಗೋಡೆಗೆ ಅಂಟಿಕೊಂಡಿರೋ ಬಿಳಿ ಪ್ಲಾಸ್ಟಿಕ್ ಒಂದೂ ಬಿಳಿಯಾಗಿ ಉಳಿದಿಲ್ಲ. ಫ್ರಿಜ್ ಹಿಂದಿನ ಗಾಳಿ ಜಾಲರಿ, ಚಾವಣಿ ಮೇಲಿನ ವೆಂಟ್ (ಗಾಳಿಕಿಂಡಿ) ಮುಚ್ಚಳಗಳು, ನೀರು ತುಂಬೋ ಬಾಯಿಯ ಮುಚ್ಚಳ, ಬಾಗಿಲ ಪಕ್ಕದ ಲೈಟಿನ ಚೌಕಟ್ಟು, ಆಮೇಲೆ ಮೂಲೆಗಳ ಅಲ್ಯೂಮಿನಿಯಂ ಪಟ್ಟಿ ನಡುವೆ ಓಡೋ ಆ ಮೆತ್ತನೆ ಬಿಳಿ ಪಟ್ಟಿ, ಎಲ್ಲಾ ಹಳದಿ. ಹಿಂದಿನ ಮಾಲೀಕರು ಒಂದೇ ಬದಿ ದಕ್ಷಿಣಕ್ಕೆ ಬರೋ ಹಾಗೆ ವರ್ಷಗಟ್ಟಲೆ ನಿಲ್ಲಿಸಿದ್ರಂತೆ, ಆ ಬದಿ ಇನ್ನೂ ಜಾಸ್ತಿ.

ಪಾತ್ರೆ ಸೋಪು, ಕಾರ್ ಶಾಂಪೂ ಎರಡರಲ್ಲೂ ಉಜ್ಜಾಯ್ತು. ಕೊಳೆ ಹೋಯ್ತು, ಬಣ್ಣ ಅಲ್ಲಾಡಲಿಲ್ಲ. ಪಕ್ಕದ ಮನೆಯವರು ಬ್ಲೀಚ್ ಹಾಕಿ ಅಂತಾರೆ. ನನ್ನ ಹೆಂಡತಿ ಎಲ್ಲಾ ಕಿತ್ತು ಹೊಸದು ಹಾಕ್ಸೋಣ ಅಂತಾಳೆ. ದೀಪಾವಳಿ ಹೊತ್ತಿಗೆ ಅಪ್ಪ ಅಮ್ಮ ಶಿವಮೊಗ್ಗದಿಂದ ಬರ್ತಾರೆ, ಗ್ರ್ಯಾಂಡ್ ಕ್ಯಾನ್ಯನ್‌ಗೆ ಇದರಲ್ಲೇ ಕರ್ಕೊಂಡು ಹೋಗೋ ಆಸೆ. ಅಷ್ಟರೊಳಗೆ ನೋಡೋ ಹಾಗಾಗಬೇಕು. ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.

ಟೆಕ್ಸಾಸ್ ಟ್ರೇಲರ್:
ಬ್ಲೀಚ್ ಬೇಡವೇ ಬೇಡ. ಆ ಹಳದಿ ಮೇಲೆ ಕೂತ ಕಲೆ ಅಲ್ಲ. ಜೊತೆಗೆ ಅದು ಸೋರಿ ಅಲ್ಯೂಮಿನಿಯಂ ಪಟ್ಟಿ ಮೇಲೆ ನಿಂತ್ರೆ ಅಲ್ಯೂಮಿನಿಯಂ ಗುಳಿ ಬೀಳುತ್ತೆ.

ನನ್ನ ಸಲಹೆ ಪೇಂಟ್. ಬಿಚ್ಚೋಕೆ ಬರೋದನ್ನೆಲ್ಲ ಬಿಚ್ಚಿ, ತೊಳೆದು, 320 ಅಥವಾ 400ರ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗೋವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪ್ಲಾಸ್ಟಿಕ್‌ಗೆ ಅಂತಲೇ ಬರೋ ಸ್ಪ್ರೇ ಪೇಂಟನ್ನ ತೆಳುವಾಗಿ ಮತ್ತೆ ಮತ್ತೆ ಹೊಡೀರಿ. ಒಂದೇ ಸಲ ದಪ್ಪ ಹೊಡೆದ್ರೆ ಇಳಿಯುತ್ತೆ. ಮೇಲೆ ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯೋ, ಬಣ್ಣವಿಲ್ಲದ ಕ್ಲಿಯರ್ ಕೋಟ್. ನಮ್ಮ ಫ್ರಿಜ್ ಜಾಲರಿಗೆ ಹೀಗೇ ಮಾಡಿದ್ದು, ಟೆಕ್ಸಾಸ್ ಬಿಸಿಲಲ್ಲೂ ಚೆನ್ನಾಗೇ ನಿಂತಿದೆ.

ಹಳೇ ಕಂಪ್ಯೂಟರ್ ಪ್ರೇಮಿ:
ಪೇಂಟ್ ಯಾಕೆ ಅಷ್ಟು ಬೇಗ? ಮೊದಲು ಹೈಡ್ರೋಜನ್ ಪೆರಾಕ್ಸೈಡ್ ನೋಡಿ. ನಾವು ಹಳೇ ಕಂಪ್ಯೂಟರ್ ಸಂಗ್ರಹ ಮಾಡೋರು ಇದನ್ನ ರೆಟ್ರೋಬ್ರೈಟ್ ಅಂತೀವಿ, 2008ರಲ್ಲಿ ಬಳಕೆಗೆ ಬಂತು. ಕಮಡೋರ್ 64, ಅಮಿಗಾದಂಥ ಹಳೇ ಕಂಪ್ಯೂಟರ್‌ಗಳ ಕವಚ, ನಿಮ್ಮ ಜಾಲರಿ ಎರಡೂ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಜಾತಿಯವೇ.

ಕೂದಲಿಗೆ ಬಣ್ಣ ಹಾಕೋ ಸಾಮಾನು ಸಿಗೋ ಅಂಗಡಿಯಲ್ಲಿ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಅಂತ ಕೇಳಿ. ಅದರಲ್ಲಿ 12% ಪೆರಾಕ್ಸೈಡ್ ಇರುತ್ತೆ. ಬ್ರಷ್ಷಲ್ಲಿ ಸಮವಾಗಿ ಬಳಿದು, ಅಡುಗೆಮನೆಯ ಪ್ಲಾಸ್ಟಿಕ್ ರ‍್ಯಾಪ್ ಸುತ್ತಿ, ಬಿಸಿಲಿಗಿಡಿ. ಆಗಾಗ ಮಗುಚಿ, ಗಾಳಿಗುಳ್ಳೆ ಇದ್ರೆ ಒತ್ತಿ ತೆಗೀರಿ. ಕೆಲವು ಗಂಟೆಯಲ್ಲೇ ವ್ಯತ್ಯಾಸ ಕಾಣುತ್ತೆ. ಕ್ರೀಮು ಒಂದು ಕಡೆ ಒಣಗಿ ಇನ್ನೊಂದು ಕಡೆ ಒದ್ದೆ ಇದ್ರೆ ಮೋಡ ಮೋಡವಾಗಿ ಪಟ್ಟೆ ಬೀಳುತ್ತೆ, ಅದನ್ನ ಸರಿಮಾಡೋದು ಕಷ್ಟ. ಫೀನಿಕ್ಸ್‌ನ ಒಣಗಾಳಿಯಲ್ಲಿ ರ‍್ಯಾಪ್ ಇಲ್ಲದೆ ಮಾಡಲೇಬೇಡಿ.

ಗ್ಲೌಸು, ಕಣ್ಣಿಗೆ ಕನ್ನಡಕ ಕಡ್ಡಾಯ. 12% ಚರ್ಮಕ್ಕೆ ತಾಗಿದ್ರೆ ಬೆಳ್ಳಗಾಗಿ ಉರಿಯುತ್ತೆ.

ಮಿಶಿಗನ್ ಅಕ್ಕ:
ಇಷ್ಟೆಲ್ಲ ಕಷ್ಟ ಯಾಕಪ್ಪ? ನಿನ್ನ ಹೆಂಡತಿ ಹೇಳ್ತಿರೋದೇ ಸರಿ. ಫ್ರಿಜ್ ಜಾಲರಿ, ವೆಂಟ್ ಮುಚ್ಚಳ ಎಲ್ಲಾ ಆರ್‌ವಿ ಅಂಗಡಿಯಲ್ಲಿ ಹೊಸದೇ ಸಿಗುತ್ತೆ. ಚಾವಣಿ ವೆಂಟ್ ಸಾಮಾನ್ಯವಾಗಿ 14 ಇಂಚು ಚೌಕ. ಆದ್ರೆ ಮುಚ್ಚಳ ತರೋ ಮುಂಚೆ ಹಿಂಜ್ ನೋಡ್ಕೊ. ವೆಂಟ್‌ಲೈನ್, ಎಲಿಕ್ಸರ್, ಜೆನ್ಸನ್ ಅಂತ ಒಂದೊಂದು ತಯಾರಕರದ್ದು ಒಂದೊಂದು ಥರ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ.

ಇನ್ನೊಂದು ಪ್ರಶ್ನೆ, ಗೊತ್ತಿರೋರು ಹೇಳಿ. ಅರಿಶಿನ ಹತ್ತಿದ ಪ್ಲಾಸ್ಟಿಕ್ ಡಬ್ಬಿಯನ್ನ ಬಿಸಿಲಿಗಿಟ್ರೆ ಹಳದಿ ಹೋಗುತ್ತೆ, ನಮ್ಮಮ್ಮ ಯಾವಾಗಲೂ ಹಾಗೇ ಮಾಡ್ತಿದ್ರು. ಇಲ್ಲಿ ನೋಡಿದ್ರೆ ಬಿಸಿಲಿಂದಲೇ ಹಳದಿ ಆಗಿದೆ ಅಂತೀರ. ಇದು ಹೇಗೆ?

ಕೆಮಿಸ್ಟ್ರಿ ಮೇಷ್ಟ್ರು:
ಅಕ್ಕನ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಅರಿಶಿನದ ಹಳದಿ ಅಂದರೆ ಕರ್ಕ್ಯುಮಿನ್, ಹೊರಗಿನಿಂದ ಪ್ಲಾಸ್ಟಿಕ್‌ಗೆ ಇಳಿದ ಬಣ್ಣ. ಬೆಳಕಿಗೆ ಆ ಅಣು ಬೇಗ ಒಡೆಯುತ್ತೆ, ಕಲೆ ಮಾಯ. ಆರ್‌ವಿಯ ಜಾಲರಿಯಲ್ಲಿ ಹೊರಗಿನ ಬಣ್ಣ ಏನೂ ಇಲ್ಲ, ಪ್ಲಾಸ್ಟಿಕ್ಕೇ ಬದಲಾಗಿದೆ.

ಎಬಿಎಸ್ ಅಂದರೆ ಅಕ್ರಿಲೊನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್. ಪೆಟ್ಟು ತಡೆಯೋ ಗುಣ ಬರೋದು ನಡುವಿನ ಬ್ಯುಟಡೈಯೀನ್ ರಬ್ಬರಿನಿಂದ. ಅದರ ಅಣು ಸರಪಳಿಯಲ್ಲಿ ಜೋಡಿ ಬಂಧಗಳಿವೆ. ನೇರಳಾತೀತ ಕಿರಣ, ಶಾಖ, ಆಮ್ಲಜನಕ ಮೂರೂ ಸೇರಿ ಮೊದಲು ಕೈಹಾಕೋದು ಅಲ್ಲಿಗೇ. ಆಕ್ಸಿಡೀಕರಣ ಆಗಿ ಹುಟ್ಟೋ ಹೊಸ ಪರಮಾಣು ಗುಂಪುಗಳು ನೀಲಿ ಬೆಳಕನ್ನ ಹೀರಿಕೊಳ್ಳುತ್ತವೆ, ಕಣ್ಣಿಗೆ ಉಳಿದದ್ದು ಹಳದಿಯಾಗಿ ಕಾಣುತ್ತೆ. ಪೆರಾಕ್ಸೈಡ್ ಮತ್ತು ಬೆಳಕು ಸೇರಿದಾಗ ಆ ಬಣ್ಣದ ಗುಂಪುಗಳು ಒಡೆದು ಮತ್ತೆ ಬಿಳಿ ಕಾಣುತ್ತೆ.

ಆದರೆ ಹೋದ ರಬ್ಬರು ವಾಪಸು ಬರಲ್ಲ. ಬಣ್ಣ ಬಿಳಿಯಾದರೂ ಪ್ಲಾಸ್ಟಿಕ್ ಪೆಡಸಾಗೇ ಉಳಿಯುತ್ತೆ. ಬಿಸಿಲಿಗೆ ಬಿಟ್ಟರೆ ಹಳದಿಯೂ ಮತ್ತೆ ಬರುತ್ತೆ. ಹಾಗಾಗಿ ಬಿಳಿ ಮಾಡೋದು ಅರ್ಧ ಕೆಲಸ, ಯುವಿ ತಡೆ ಹಚ್ಚೋದು ಇನ್ನರ್ಧ.

ಹಳೇ ಕಂಪ್ಯೂಟರ್ ಪ್ರೇಮಿ:
ಮೇಷ್ಟ್ರೇ, ಕಂಪ್ಯೂಟರ್ ಕವಚದಲ್ಲಿ ಬೆಂಕಿ ತಡೆಯೋಕೆ ಬ್ರೋಮಿನ್ ಸೇರಿಸ್ತಾರೆ, ಹಳದಿಗೆ ಅದೇ ಕಾರಣ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರಲ್ಲ?

ಕೆಮಿಸ್ಟ್ರಿ ಮೇಷ್ಟ್ರು:
ಅದರ ಪಾಲೂ ಇರಬಹುದು. ಆದರೆ ಬ್ರೋಮಿನ್ ಇಲ್ಲದ ಎಬಿಎಸ್ ಕೂಡ ಹಳದಿಯಾಗುತ್ತೆ. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಿಹಾಕೋದು ಸರಿಯಲ್ಲ.

ಹುಬ್ಬಳ್ಳಿ ಗ್ಯಾರೇಜ್:
ನಾ ಆರ್‌ವಿ ನೋಡಿಲ್ರಿ, ಕಾರಿನ ಹೆಡ್‌ಲೈಟ್ ಮಾತ್ರ ದಿನಾ ನೋಡ್ತೀನಿ. ಅದೂ ಹಿಂಗ ಹಳದಿ ಆಗತೈತಿ. ಮಂದಿ ಟೂತ್‌ಪೇಸ್ಟ್ ಹಚ್ಚಿ ತಿಕ್ಕತಾರ, ಅವತ್ತು ಪಳಪಳ, ಸ್ವಲ್ಪ ದಿನಕ್ಕ ಮೊದಲಿನಕಿಂತ ಮಬ್ಬು. ಯಾಕಂದ್ರ ಕಂಪನಿಯವರು ಹಾಕಿದ್ದ ಮ್ಯಾಲಿನ ಕೋಟಿಂಗ್ ಪೂರ್ತಿ ಹೋಗಿರತೈತಿ. ನಾವು 800, 1500, 2000ರ ಪೇಪರ್‌ನಾಗ ನೀರು ಹಾಕಿ ತಿಕ್ಕಿ, ಪಾಲಿಶ್ ಮಾಡಿ, ಯುವಿ ಕೋಟಿಂಗ್ ಹಾಕಿನ ಕೊಡೋದು. ಕೋಟಿಂಗ್ ಇಲ್ಲದ ಕೆಲಸ ಕೆಲಸನ ಅಲ್ರಿ.

ಟೆಕ್ಸಾಸ್ ಟ್ರೇಲರ್:
ಹೆಡ್‌ಲೈಟ್ ಪಾಲಿಕಾರ್ಬನೇಟ್, ಪಾರದರ್ಶಕ. ಆರ್‌ವಿ ಪ್ಲಾಸ್ಟಿಕ್ ಮೇಲೆ ಸಣ್ಣ ತರಿ ವಿನ್ಯಾಸ ಇರುತ್ತೆ, ಜೋರಾಗಿ ತಿಕ್ಕಿದ್ರೆ ಅದು ಸವೆದು ನುಣ್ಣಗಿನ ತೇಪೆ ಕಾಣುತ್ತೆ. ಪೇಂಟ್ ಹೊಡೆಯೋರಿಗೆ ಪರವಾಗಿಲ್ಲ, ಹಾಗೇ ಬಿಡೋರಿಗೆ ಕಷ್ಟ. ಕೋಟಿಂಗ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ.

ಬಸವನಗುಡಿ:
ಮೆಲಮಿನ್ ಸ್ಪಂಜು ಅಂತ ಬರುತ್ತಲ್ಲ, ಬೆಳ್ಳಗಿರೋ ಮ್ಯಾಜಿಕ್ ಸ್ಪಂಜು. ನಮ್ಮನೆ ಸ್ವಿಚ್‌ಬೋರ್ಡ್‌ಗಳನ್ನೆಲ್ಲ ಅದರಲ್ಲೇ ಬೆಳ್ಳಗೆ ಮಾಡಿದ್ದೀನಿ. ಪ್ರಯತ್ನಿಸಿ.

ಹಳೇ ಕಂಪ್ಯೂಟರ್ ಪ್ರೇಮಿ:
ಸ್ವಿಚ್‌ಬೋರ್ಡ್ ಮೇಲೆ ಇದ್ದದ್ದು ಕೈ ಎಣ್ಣೆ, ಒಗ್ಗರಣೆ ಹೊಗೆ. ಆ ಸ್ಪಂಜು ಬಹಳ ನಯವಾದ ಸ್ಯಾಂಡ್‌ಪೇಪರ್ ಇದ್ದ ಹಾಗೆ, ಮೇಲಿನ ಪದರ ಮಾತ್ರ ತೆಗೆಯುತ್ತೆ. ಆರ್‌ವಿ ಒಳಗಿನ ಪ್ಲಾಸ್ಟಿಕ್‌ಗೆ ಮೊದಲು ಅದನ್ನೇ ಮಾಡಬೇಕು, ಹಿಂದಿನವರು ಒಳಗೆ ಸಿಗರೇಟು ಸೇದ್ತಿದ್ರೆ ಅರ್ಧ ಹಳದಿ ಅಲ್ಲೇ ಹೋಗುತ್ತೆ. ಹೊರಗಿನದಕ್ಕೆ ಅದು ಸಾಲಲ್ಲ.

ಫೀನಿಕ್ಸ್ ಕನ್ನಡಿಗ:
ಎಲ್ಲರಿಗೂ ಧನ್ಯವಾದ, ಇಷ್ಟು ಬೇಗ ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಮೇಷ್ಟ್ರೇ, ಯಾವುದು ಎಬಿಎಸ್, ಯಾವುದು ಬೇರೆ ಅಂತ ತಿಳ್ಕೊಳ್ಳೋದು ಹೇಗೆ? ಜಾಲರಿ ಹಿಂದೆ ಎಬಿಎಸ್ ಅಂತ ಅಚ್ಚಿದೆ. ವೆಂಟ್ ಮುಚ್ಚಳದ ಮೇಲೆ ಏನೂ ಇಲ್ಲ, ಅಂಚಲ್ಲಿ ಪುಡಿ ಪುಡಿ ಉದುರ್ತಿದೆ.

ಕೆಮಿಸ್ಟ್ರಿ ಮೇಷ್ಟ್ರು:
ಉದುರಿದ ಚೂರನ್ನ ತೊಳೆದು ನೀರಿಗೆ ಹಾಕಿ, ಒಂದು ಹನಿ ಪಾತ್ರೆ ಸೋಪು ಸೇರಿಸಿ, ಗಾಳಿಗುಳ್ಳೆ ಅಂಟದ ಹಾಗೆ ಮುಳುಗಿಸಿ ಬಿಡಿ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ಎಬಿಎಸ್‌ನ ಸಾಂದ್ರತೆ ಸುಮಾರು 1.05, ಮುಳುಗುತ್ತೆ. ಪಿವಿಸಿ ಇನ್ನೂ ಭಾರ.

ತೇಲಿದರೆ ಪೆರಾಕ್ಸೈಡ್ ಮೇಲೆ ಹೆಚ್ಚು ಭರವಸೆ ಇಡಬೇಡಿ. ಪೇಂಟೂ ಸುಲಭಕ್ಕೆ ಹಿಡಿಯಲ್ಲ, ಪಾಲಿಪ್ರೊಪಿಲೀನ್‌ಗೆ ಮೊದಲು ಅಡ್ಹೀಶನ್ ಪ್ರೊಮೋಟರ್, ಅಂದರೆ ಪೇಂಟ್ ಅಂಟೋಕೆ ನೆರವಾಗೋ ದ್ರವ ಹೊಡೆಯದಿದ್ದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ.

ಟೆಕ್ಸಾಸ್ ಟ್ರೇಲರ್:
ಅಂಚು ಪುಡಿಯಾಗ್ತಿರೋ ಮುಚ್ಚಳಕ್ಕೆ ಯಾವ ಪರೀಕ್ಷೆಯೂ ಬೇಡ, ಬದಲಾಯಿಸಿ. ನಮ್ಮ ಭಾವನೋರು ಅಂಥದ್ದೇ ಮುಚ್ಚಳಕ್ಕೆ ಬೆಳ್ಳಗೆ ಪೇಂಟ್ ಹೊಡೆಸಿ ಇಟ್ಕೊಂಡಿದ್ರು. ಒಂದು ಸಂಜೆ ಆಲಿಕಲ್ಲು ಮಳೆ ಬಂತು, ಮುಚ್ಚಳ ಚೂರಾಗಿ ನೀರೆಲ್ಲ ನೇರ ಹಾಸಿಗೆ ಮೇಲೆ. ಚಾವಣಿ ಮೇಲಿರೋದು ಅಂದಕ್ಕಲ್ಲ, ಮಳೆ ತಡೆಯೋಕೆ.

ಮಿಶಿಗನ್ ಅಕ್ಕ:
ಅದನ್ನೇ ನಾನು ಮೊದಲೇ ಹೇಳಿದ್ದು.

ಮಂಗಳೂರು ದೋಣಿ:
ನಮ್ಮಲ್ಲಿ ಇರುವುದು ಫೈಬರ್ ದೋಣಿ, ಆದರೆ ಕಥೆ ಹತ್ತಿರದ್ದೇ ಮಾರಾಯ್ರೆ. ನಿಮ್ಮ ಟ್ರೇಲರಿನ ಮುಂದಿನ ಮೂತಿ ಫೈಬರ್ ಆಗಿದ್ದರೆ ಅದಕ್ಕೆ ಈ ಕೂದಲಿನ ಕ್ರೀಮ್ ಎಲ್ಲ ಬೇಡ. ಫೈಬರಿನ ಮೇಲೆ ಜೆಲ್‌ಕೋಟ್ ಅಂತ ಹೊಳಪಿನ ಪದರ ಉಂಟು. ಕಂದು ಹಳದಿ ಕಲೆ ಹತ್ತಿದ್ದರೆ ಆಕ್ಸಾಲಿಕ್ ಆಮ್ಲದ ಕ್ಲೀನರ್‌ಗೆ ಹೋಗ್ತದೆ. ಕೈ ಉಜ್ಜಿದರೆ ಸುಣ್ಣದ ಹಾಗೆ ಬಿಳಿ ಪುಡಿ ಬರ್ತದಲ್ಲ, ಅದು ಆಕ್ಸಿಡೇಶನ್. ಅದಕ್ಕೆ ರಬ್ಬಿಂಗ್ ಕಾಂಪೌಂಡ್, ಪಾಲಿಶ್, ಮೇಣ, ಈ ಕ್ರಮದಲ್ಲಿ. ಮೇಣ ಹಾಕದೆ ಬಿಟ್ಟರೆ ಮುಂದಿನ ವರ್ಷ ಪುನಃ ಅದೇ ಕೆಲಸ.

ಕ್ಯಾಂಪರ್ ಕನಸು:
ಇಲ್ಲಿ ಬೆಂಗಳೂರಲ್ಲಿ ನಾವು ಟೆಂಪೊ ಟ್ರಾವೆಲರ್‌ನ ಕ್ಯಾಂಪರ್ ಮಾಡ್ತಿದ್ದೀವಿ. ಹೊರಗಡೆ ಹಾಕೋಕೆ ಬಿಳಿ ಪ್ಲಾಸ್ಟಿಕ್ ಜಾಲರಿ ಬೇಕು. ಜೆ.ಸಿ. ರೋಡಲ್ಲಿ ಕೇಳಿದ್ರೆ ಯುವಿ ಪ್ಲಾಸ್ಟಿಕ್ ಅಂತ ಕೊಡ್ತಾರೆ, ನಂಬಬಹುದಾ?

ಕೆಮಿಸ್ಟ್ರಿ ಮೇಷ್ಟ್ರು:
ಎಎಸ್‌ಎ ಅಂತ ಅಚ್ಚಿದೆಯಾ ನೋಡಿ. ಆ ಪ್ಲಾಸ್ಟಿಕ್‌ನಲ್ಲಿ ಬ್ಯುಟಡೈಯೀನ್ ಬದಲು ಅಕ್ರಿಲೇಟ್ ರಬ್ಬರ್ ಇರುತ್ತೆ, ಬಿಸಿಲಿಗೆ ಎಬಿಎಸ್‌ಗಿಂತ ಬಹಳ ಚೆನ್ನಾಗಿ ತಾಳುತ್ತೆ. ಅಚ್ಚು ಇಲ್ಲ ಅಂದರೆ ಎಬಿಎಸ್ ಅಂತಲೇ ತಿಳಿದು ಮೊದಲ ದಿನವೇ ಪೇಂಟ್ ಮಾಡಿಸಿ. ಹೊಸದರಲ್ಲಿ ಪೇಂಟ್ ಚೆನ್ನಾಗಿ ಹಿಡಿಯುತ್ತೆ.

ಹುಬ್ಬಳ್ಳಿ ಗ್ಯಾರೇಜ್:
ಎಬಿಎಸ್ ಸೀಳಿದ್ರ ಒಗಿಬ್ಯಾಡ್ರಿ. ಅದರದ ಚೂರು ಅಸಿಟೋನ್‌ನಾಗ ನೆನೆಹಾಕಿ ಕರಗಿಸಿದ್ರ ಗಟ್ಟಿ ಪೇಸ್ಟ್ ಆಗತೈತಿ, ಹಿಂದಿನಿಂದ ಸೀಳಿಗೆ ತುಂಬ್ರಿ, ಬೆಸುಗಿ ಹಾಕಿದಂಗ ಕೂಡತೈತಿ. ಆದ್ರ ಹಳದಿ ತೆಗೀಲಿಕ್ಕೆ ಅಂತ ಅಸಿಟೋನ್‌ನಾಗ ಒರೆಸಬ್ಯಾಡ್ರಿ, ಮ್ಯಾಲಿಂದ ಪೂರಾ ಕರಗಿ ಕೆಟ್ಟು ಹೋಗತೈತಿ.

ಬಸವನಗುಡಿ:
ಕೊಬ್ಬರಿ ಎಣ್ಣೆ ಒರೆಸಿದ್ರೆ ಹೊಳಪು ಬರಲ್ವಾ?

ಟೆಕ್ಸಾಸ್ ಟ್ರೇಲರ್:
ಎರಡು ದಿನ ಬರುತ್ತೆ, ಆಮೇಲೆ ಧೂಳೆಲ್ಲ ಅಲ್ಲೇ ಅಂಟುತ್ತೆ. ಯುವಿ ತಡೆಯೋ ಪ್ರೊಟೆಕ್ಟೆಂಟ್ ಅಂತಲೇ ಸಿಗುತ್ತೆ, ನಾನು 303 ಅನ್ನೋ ಬ್ರ್ಯಾಂಡ್ ಬಳಸೋದು. ಶಾಶ್ವತ ಅಲ್ಲ, ಆಗಾಗ ಹಚ್ಚುತ್ತಲೇ ಇರಬೇಕು. ಹಾಗೇ ಒಂದು ಮಾತು, ನಿಮ್ಮ ಚಾವಣಿಯ ಹೊದಿಕೆ ಇಪಿಡಿಎಂ ಅನ್ನೋ ಜಾತಿಯ ರಬ್ಬರ್ ಆಗಿದ್ರೆ ಪೆಟ್ರೋಲಿಯಂ ಬೆರೆತ ಪಾಲಿಶ್, ಕ್ಲೀನರ್ ಅದರ ಮೇಲೆ ಬೀಳಬಾರದು. ರಬ್ಬರು ಊದಿಕೊಳ್ಳುತ್ತೆ.

ಈಗ ನಿಜವಾಗಿ ಮುಖ್ಯವಾದದ್ದಕ್ಕೆ ಬರ್ತೀನಿ, ಇಲ್ಲಿವರೆಗೆ ಯಾರೂ ಅದನ್ನ ಎತ್ತಲಿಲ್ಲ. ಮೂಲೆಪಟ್ಟಿ ನಡುವಿನ ಆ ಮೆತ್ತನೆ ಪಟ್ಟಿ ಇದೆಯಲ್ಲ, ಅದು ವಿನೈಲ್. ಅದನ್ನ ಬೆಳ್ಳಗೆ ಮಾಡೋಕೆ ಹೋಗಬೇಡಿ. ಹೊಸದು ಸುರುಳಿಯಲ್ಲಿ ಸಿಗುತ್ತೆ, ಅಗಲ ಅಳೆದು ತಗೊಳ್ಳಿ, ಒಂದಿಂಚಿನದ್ದು ಹೆಚ್ಚು ಬಳಕೆ, ಮುಕ್ಕಾಲಿಂಚಿನದ್ದೂ ಇದೆ. ದುಬಾರಿಯೂ ಅಲ್ಲ. ಆ ಪಟ್ಟಿಯ ಕೆಲಸವೇ ಅಡಿಯಲ್ಲಿರೋ ಸ್ಕ್ರೂಗಳನ್ನ ಮುಚ್ಚೋದು. ಹಳದಿಯಾಗಿದೆ ಅಂದ್ರೆ ಮುದುಡಿ ಗಿಡ್ಡವೂ ಆಗಿರುತ್ತೆ, ತುದಿಯಲ್ಲಿ ಸಂದು ಬಿಟ್ಟಿರುತ್ತೆ, ಅಲ್ಲಿಂದ ನೀರು ಸ್ಕ್ರೂಗೆ ಇಳಿಯುತ್ತೆ. ಹಳೇದನ್ನ ಎಳೆದು ತೆಗೆದಾಗ ಒಂದೊಂದು ಸ್ಕ್ರೂ ತಲೆಯನ್ನೂ ನೋಡಿ. ತುಕ್ಕು ಇದ್ದ ಕಡೆ ನೀರು ಹೋಗಿದೆ ಅಂತಲೇ ಅರ್ಥ.

ಹೊಸದು ಹಾಕುವಾಗ ಬಿಸಿಲಲ್ಲಿ ಹರಡಿ ಮೆತ್ತಗಾದ ಮೇಲೆ ಒತ್ತಿ. ಎಳೆದು ಕೂರಿಸಬೇಡಿ, ಕೊನೆಯಲ್ಲಿ ಸ್ವಲ್ಪ ಉದ್ದ ಬಿಟ್ಟೇ ಕತ್ತರಿಸಿ.

ಫೀನಿಕ್ಸ್ ಕನ್ನಡಿಗ:
ಇದು ನನಗೆ ಗೊತ್ತೇ ಇರಲಿಲ್ಲ. ಈ ವಾರಾಂತ್ಯವೇ ತೆಗೆದು ನೋಡ್ತೀನಿ.

ಕ್ಯಾಂಪರ್ ಕನಸು:
ಗ್ರ್ಯಾಂಡ್ ಕ್ಯಾನ್ಯನ್‌ಗೆ ದೀಪಾವಳಿ ಹೊತ್ತಲ್ಲಿ ಹೋಗಬಹುದಾ? ಚಳಿ ಜಾಸ್ತಿ ಇರಲ್ವಾ?

ಮಿಶಿಗನ್ ಅಕ್ಕ:
ಕ್ಯಾನ್ಯನ್‌ನ ದಕ್ಷಿಣ ಅಂಚು, ಸೌತ್ ರಿಮ್ ಅಂತಾರೆ, ವರ್ಷಪೂರ್ತಿ ತೆರೆದಿರುತ್ತೆ. ಆದ್ರೆ ಅದು ಸುಮಾರು 7,000 ಅಡಿ ಎತ್ತರ. ಫೀನಿಕ್ಸ್‌ನ ಹವೆ ನೆನೆದು ಹೋದ್ರೆ ರಾತ್ರಿ ನಡುಗಬೇಕಾಗುತ್ತೆ. ನೀರಿನ ಮೆದುಗೊಳವೆಯನ್ನ ರಾತ್ರಿ ನಲ್ಲಿಗೆ ಜೋಡಿಸಿ ಬಿಡಬೇಡ, ಹೆಪ್ಪುಗಟ್ಟಿದ್ರೆ ಸೀಳುತ್ತೆ. ಟ್ಯಾಂಕಿನ ನೀರು ಬಳಸು. ಅಪ್ಪ ಅಮ್ಮನಿಗೆ ಟೋಪಿ, ಕಾಲುಚೀಲ ಮರೀಬೇಡ.

ಫೀನಿಕ್ಸ್ ಕನ್ನಡಿಗ:
ಆಗಿದ್ದನ್ನ ಹೇಳ್ತೀನಿ.

ಫ್ರಿಜ್ ಜಾಲರಿ ಬಿಚ್ಚಿ ಕ್ರೀಮ್ ಬಳಿದು, ರ‍್ಯಾಪ್ ಸುತ್ತಿ ಬೆಳಗಿನ ಬಿಸಿಲಿಗೆ ಇಟ್ಟೆ. ಮಧ್ಯಾಹ್ನದ ಸುಡು ಬಿಸಿಲಿಗೆ ಪ್ಲಾಸ್ಟಿಕ್ ಸೊಟ್ಟಗಾಗಬಾರದು ಅಂತ ಆಮೇಲೆ ಒಳಗಿಟ್ಟು, ಮರುದಿನ ಮತ್ತೆ ಬಳಿದೆ. ಹೊಸದರ ಹಾಗೆ ಅಂತ ಹೇಳಲಾರೆ, ಆದ್ರೆ ಗೋಡೆಯ ಪಕ್ಕ ಹಿಡಿದ್ರೆ ಈಗ ಬೇರೆ ಅಂತ ಅನ್ಸಲ್ಲ. ರೆಕ್ಕೆಗಳ ಸಂದಿಯಲ್ಲಿ ಮಾತ್ರ ಸ್ವಲ್ಪ ಹಳದಿ ಉಳಿದಿದೆ. ವೆಂಟ್ ಮುಚ್ಚಳದ ಚೂರು ತೇಲಿತು, ಹಾಗಾಗಿ ಎರಡೂ ಹೊಸದು ತರಿಸಿದೆ.

ಆಮೇಲೆ ಮೂಲೆಪಟ್ಟಿ. ಮೂರು ಮೂಲೆ ಚೆನ್ನಾಗಿವೆ. ಹಿಂದಿನ ಎಡ ಮೂಲೆಯಲ್ಲಿ ಮೇಲಿನ ಸ್ಕ್ರೂಗಳು ಪೂರ್ತಿ ತುಕ್ಕು, ಎರಡು ಬರೀ ಬೆರಳಲ್ಲೇ ತಿರುಗ್ತಿವೆ. ಒಳಗಡೆ ಅದೇ ಜಾಗದ ಗೋಡೆ ಒತ್ತಿದ್ರೆ ಸ್ವಲ್ಪ ಮೆತ್ತಗಿದೆ. ಹೊಸ ಪಟ್ಟಿ ಹಾಕಿ ಮುಚ್ಚಿಬಿಡಲಾ?

ಟೆಕ್ಸಾಸ್ ಟ್ರೇಲರ್:
ಮುಚ್ಚಬೇಡಿ! ಬೆರಳಲ್ಲಿ ತಿರುಗ್ತಿದೆ ಅಂದ್ರೆ ಒಳಗಿನ ಮರ ಕೊಳೆತಿದೆ, ಸ್ಕ್ರೂಗೆ ಹಿಡಿತ ಇಲ್ಲ. ಆ ಮೂಲೆಯ ಅಲ್ಯೂಮಿನಿಯಂ ಪಟ್ಟಿಯನ್ನೇ ಬಿಚ್ಚಿ. ಅಡಿಯ ಹಳೇ ಪುಟ್ಟಿ ಕೆರೆದು, ಮರ ಎಷ್ಟು ದೂರ ಮೆತ್ತಗಿದೆ ಅಂತ ಚೂಪಾದ ಸಾಧನದಲ್ಲಿ ಚುಚ್ಚಿ ನೋಡಿ. ಮೆತ್ತಗಿರೋದನ್ನ ಕತ್ತರಿಸಿ ತೆಗೆದು, ಉಳಿದದ್ದನ್ನ ಚೆನ್ನಾಗಿ ಒಣಗಲು ಬಿಡಿ. ಈ ವಿಷಯದಲ್ಲಿ ಫೀನಿಕ್ಸ್‌ನ ಒಣಹವೆ ನಿಮಗೆ ದೊಡ್ಡ ಸಹಾಯ. ಹೊಸ ಮರದ ತುಂಡು ಕೂರಿಸಿ, ಪಟ್ಟಿ ಅಡಿಗೆ ನೀರು ತಡೆಯೋ ಅಂಟಾದ ಬ್ಯುಟೈಲ್ ಟೇಪ್ ಹೊಸದು, ಸ್ಟೇನ್‌ಲೆಸ್ ಸ್ಕ್ರೂ. ಅಂಚಿಗೆ ಆರ್‌ವಿಗೆ ಅಂತಲೇ ಬರೋ ಸೀಲಂಟ್ ಹಾಕಿ. ಸಿಲಿಕೋನ್ ಬೇಡ, ಮುಂದೆ ಅದರ ಮೇಲೆ ಇನ್ಯಾವುದೂ ಅಂಟಲ್ಲ.

ಲೈಟಿನ ಚೌಕಟ್ಟು, ನೀರಿನ ಮುಚ್ಚಳ ಹಳದಿಯಾಗೇ ಇರಲಿ, ಕ್ಯಾನ್ಯನ್ ನೋಡಿ ಬಂದ ಮೇಲೆ ಮಾಡಿ. ಈ ಮೂಲೆ ಮಾತ್ರ ಮುಗಿಸದೆ ಹೊರಡಬೇಡಿ.

ಫೀನಿಕ್ಸ್ ಕನ್ನಡಿಗ:
ಸರಿ, ಪಟ್ಟಿ ಇವತ್ತೇ ಬಿಚ್ಚೋಕೆ ಶುರು ಮಾಡ್ತೀನಿ. ಒಳಗಿನ ಫೋಟೊ ಹಾಕ್ತೀನಿ, ಎಲ್ಲಿವರೆಗೆ ಕತ್ತರಿಸಬೇಕು ಅಂತ ಹೇಳಿ.

ಬಸವನಗುಡಿ:
ನಡುವೆ ನನ್ನದೊಂದು. ಮನೆಯ ಹಳೇ ಫ್ರಿಜ್‌ನ ಹಿಡಿ ಹಳದಿಯಾಗಿದೆ. ಇಲ್ಲಿ ಮೆಡಿಕಲ್ ಶಾಪಲ್ಲಿ 6% ಪೆರಾಕ್ಸೈಡ್ ಸಿಕ್ತು, ನೀರಿನ ಥರ ಇದೆ. ಅದು ಆಗುತ್ತಾ?

ಹಳೇ ಕಂಪ್ಯೂಟರ್ ಪ್ರೇಮಿ:
ಆಗುತ್ತೆ, ನಿಧಾನ ಅಷ್ಟೆ. ಹಿಡಿ ಬಿಚ್ಚಿ, ಸ್ಕ್ರೂ, ಸ್ಟಿಕ್ಕರ್ ತೆಗೆದು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೂರ್ತಿ ಮುಳುಗಿಸಿ ಬಿಸಿಲಿಗಿಡಿ. ಸ್ಟೀಲ್, ಹಿತ್ತಾಳೆ ಪಾತ್ರೆ ಬೇಡ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಆಮ್ಲಜನಕ ಹೊರಬರ್ತಾ ಇರುತ್ತೆ, ಒತ್ತಡ ಕಟ್ಟಿಕೊಳ್ಳುತ್ತೆ. ಮಕ್ಕಳ ಕೈಗೆ ಸಿಗದ ಕಡೆ ಇಡಿ.